ನೀರು ಹೆಣೆಯುವ ಪಂಜರ

ಅನಿಲ ಹೈಡ್ರೇಟು ಎಂದರೆ ನೀರೂ ಅನಿಲವೂ ಸೇರಿ ಆಗುವ, ನೋಡಲು ಮಂಜುಗಡ್ಡೆಯಂತೆಯೇ ಇರುವ ಒಂದು ಹರಳು. ಸೋಡಾ ಬಾಟಲಿಯಲ್ಲಿ ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಕರಗಿರುತ್ತದೆ, ಅಷ್ಟೆ. ಅಲ್ಲಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಕೆಲವೇ ಪಟ್ಟು ಹೆಚ್ಚು. ಅದೇ ನೀರನ್ನು ಸೊನ್ನೆ ಡಿಗ್ರಿಯ ಹತ್ತಿರಕ್ಕೆ ತಣಿಸಿ, ಅನಿಲದ ಒತ್ತಡವನ್ನು ವಾತಾವರಣದ 12–13 ಪಟ್ಟಿಗೆ ಏರಿಸಿ, ಚೆನ್ನಾಗಿ ಕಲಕುತ್ತ ಹೋದರೆ ಅದು ಸೋಡಾ ಆಗಿ ಉಳಿಯುವುದಿಲ್ಲ. ಒದ್ದೆ ಹಿಮದಂತೆ ಬೆಳ್ಳಗೆ ಮಂದವಾಗಿ, ಕೊನೆಗೆ ಗಟ್ಟಿಯಾಗುತ್ತದೆ. ಈ ಗಟ್ಟಿ ಪದಾರ್ಥದ ತೂಕದಲ್ಲಿ ಹೆಚ್ಚೆಂದರೆ ನೂರಕ್ಕೆ 30 ಪಾಲು ಇಂಗಾಲದ ಡೈಆಕ್ಸೈಡ್. ಒಂದು ಘನ ಮೀಟರ್ ಹೈಡ್ರೇಟನ್ನು ಕರಗಲು ಬಿಟ್ಟರೆ ಸುಮಾರು 150 ಘನ ಮೀಟರ್ ಅನಿಲ ಹೊರಬರುತ್ತದೆ. ನೀರಿನಷ್ಟು ಅಗ್ಗದ ವಸ್ತು ಇಷ್ಟೊಂದು ಅನಿಲವನ್ನು ಹಿಡಿದಿಡುವುದಾದರೆ ಕಾರ್ಖಾನೆಯ ಹೊಗೆಯನ್ನೂ ಅದರಲ್ಲೇ ಏಕೆ ಹಿಡಿಯಬಾರದು ಎಂಬ ಪ್ರಶ್ನೆ ಕಳೆದ ಮೂರು ದಶಕಗಳಿಂದ ರಸಾಯನ ಎಂಜಿನಿಯರುಗಳನ್ನು ಕಾಡುತ್ತಿದೆ.

ಇದರ ಗುಟ್ಟು ನೀರಿನ ಅಣುಗಳು ಒಂದರ ಕೈ ಒಂದು ಹಿಡಿಯುವ ರೀತಿಯಲ್ಲಿದೆ. ಸಾಮಾನ್ಯ ಮಂಜುಗಡ್ಡೆಯಲ್ಲಿ ಅವು ಆರು ಮೂಲೆಯ ಬಳೆಗಳಾಗಿ ಜೋಡಣೆಗೊಳ್ಳುತ್ತವೆ. ಹೊಂದುವ ಗಾತ್ರದ ಅನಿಲದ ಅಣು ನಡುವೆ ಇದ್ದರೆ, ಐದು ಮೂಲೆಯ ಬಳೆಗಳೂ ಸೇರಿಕೊಂಡು ಚೆಂಡಿನಾಕಾರದ ಪಂಜರಗಳು ಏಳುತ್ತವೆ. ಇಂಗಾಲದ ಡೈಆಕ್ಸೈಡಿನ ಹೈಡ್ರೇಟಿನಲ್ಲಿ 46 ನೀರಿನ ಅಣುಗಳು ಸೇರಿ ಎರಡು ಸಣ್ಣ, ಆರು ದೊಡ್ಡ ಪಂಜರಗಳನ್ನು ಕಟ್ಟುತ್ತವೆ. ಈ ಎಂಟರ ಗುಂಪೇ ಮತ್ತೆ ಮತ್ತೆ ಬಂದು ಹರಳು ಬೆಳೆಯುತ್ತದೆ. ಒಂದೊಂದು ಪಂಜರದಲ್ಲಿ ಒಂದು ಅತಿಥಿ ಅಣು. ಅತಿಥಿಗೂ ಪಂಜರಕ್ಕೂ ನಡುವೆ ರಾಸಾಯನಿಕ ಬಂಧವಿಲ್ಲ. ಒತ್ತಡ ಇಳಿಸಿದರೆ ಅಥವಾ ತುಸು ಬೆಚ್ಚಗೆ ಮಾಡಿದರೆ ಪಂಜರ ಕುಸಿದು, ನೀರು ನೀರಾಗಿ, ಅನಿಲ ಅನಿಲವಾಗಿ ಬೇರ್ಪಡುತ್ತದೆ. ಇದೇ ನೀರನ್ನು ಮತ್ತೆ ಬಳಸಬಹುದು. ಒಮ್ಮೆ ಹೈಡ್ರೇಟು ಆಗಿ ಕರಗಿದ ನೀರು ಎರಡನೆಯ ಸಲ ಇನ್ನೂ ಬೇಗ ಗಟ್ಟಿಯಾಗುತ್ತದೆ. ಹಿಂದಿನದು ಅದಕ್ಕೆ ನೆನಪಿರುತ್ತದೆಂದೇ ಪ್ರಯೋಗಾಲಯದ ಮಂದಿ ಹೇಳುವುದು, ಆ ನೆನಪು ಎಲ್ಲಿ ಕೂತಿದೆ ಎಂಬ ಬಗ್ಗೆ ಮಾತ್ರ ಅವರಲ್ಲಿ ಒಮ್ಮತವಿಲ್ಲ.

ಹೈಡ್ರೇಟಿನ ಪರಿಚಯ ವಿಜ್ಞಾನಕ್ಕೆ ಹೊಸದಲ್ಲ. ಹಂಫ್ರಿ ಡೇವಿ 1810ರ ಸುಮಾರಿಗೇ ಕ್ಲೋರಿನ್ ಅನಿಲ ತಣ್ಣನೆಯ ನೀರಿನೊಂದಿಗೆ ಹರಳುಗಟ್ಟುವುದನ್ನು ತೋರಿಸಿದ್ದ. 1823ರಲ್ಲಿ ಅವನ ಸಹಾಯಕ ಮೈಕೆಲ್ ಫ್ಯಾರಡೆ ಆ ಹರಳನ್ನು ಗಾಜಿನ ಕೊಳವೆಯಲ್ಲಿಟ್ಟು, ಬಾಯಿ ಮುಚ್ಚಿ ಬೆಚ್ಚಗೆ ಮಾಡಿದ. ಕೊಳವೆಯೊಳಗೆ ಎಣ್ಣೆಯಂತಹ ಹನಿಗಳು ಕಾಣಿಸಿಕೊಂಡವು. ಅದು ಎಣ್ಣೆಯಲ್ಲ, ದ್ರವರೂಪದ ಕ್ಲೋರಿನ್. ಹರಳಿನಿಂದ ಬಿಡುಗಡೆಯಾದ ಅನಿಲ ಹೋಗಲು ದಾರಿಯಿಲ್ಲದೆ ತನ್ನ ಒತ್ತಡಕ್ಕೆ ತಾನೇ ದ್ರವವಾಗಿತ್ತು. ಮುಚ್ಚಿದ ಪಾತ್ರೆಯಲ್ಲಿ ಹೈಡ್ರೇಟನ್ನು ಕರಗಿಸಿದರೆ ಅನಿಲ ಒತ್ತಡದೊಂದಿಗೇ ಕೈಸೇರುತ್ತದೆ ಎಂಬ ಈ ಪಾಠ ಇಂದಿನ ಇಂಗಾಲ ಹಿಡಿಯುವ ಲೆಕ್ಕಾಚಾರದಲ್ಲೂ ಬರುತ್ತದೆ.

ಇಂಗಾಲದ ಡೈಆಕ್ಸೈಡಿನ ಹೈಡ್ರೇಟನ್ನು 1882ರಲ್ಲಿ ಪೋಲೆಂಡಿನ ವ್ರೊಬ್ಲೆವ್‌ಸ್ಕಿ ವರದಿ ಮಾಡಿದ. ಆಮೇಲೆ ಐವತ್ತು ವರ್ಷ ಇದು ಪ್ರಯೋಗಾಲಯದ ಕುತೂಹಲವಾಗಿಯೇ ಉಳಿದಿತ್ತು. 1934ರಲ್ಲಿ ಅಮೆರಿಕದ ಹ್ಯಾಮರ್‌ಶ್ಮಿಟ್, ನೈಸರ್ಗಿಕ ಅನಿಲದ ಕೊಳವೆಗಳನ್ನು ಕಟ್ಟಿಹಾಕುತ್ತಿದ್ದುದು ಮಂಜುಗಡ್ಡೆಯಲ್ಲ, ಹೈಡ್ರೇಟು ಎಂದು ತೋರಿಸಿಕೊಟ್ಟ ಮೇಲೆ ಎಣ್ಣೆ ಕಂಪನಿಗಳು ಎಚ್ಚೆತ್ತವು. ಪಂಜರದ ನಿಖರ ರಚನೆಯನ್ನು ಕ್ಷ-ಕಿರಣದಿಂದ ಬಿಡಿಸಿದವರಲ್ಲಿ ಲೈನಸ್ ಪೌಲಿಂಗ್ ಒಬ್ಬರು, ವರ್ಷ 1952. ಕೊಳವೆ ಕಟ್ಟದಂತೆ ಮಾಡುವುದು ಹೇಗೆ ಎಂದು ದಶಕಗಳ ಕಾಲ ಕೂಡಿಹಾಕಿದ ಅಂಕಿಅಂಶಗಳೇ ಮುಂದೆ, ಬೇಕೆಂದೇ ಕಟ್ಟಿಸುವುದು ಹೇಗೆ ಎನ್ನುವವರ ಕೈಗೆ ಬಂದವು.

ಅನಿಲಗಳ ಮಿಶ್ರಣದಿಂದ ಒಂದನ್ನೇ ಆರಿಸಿ ತೆಗೆಯಲು ಹೈಡ್ರೇಟಿಗೆ ಸಾಧ್ಯವಾಗುವುದು ಎಲ್ಲ ಅನಿಲಗಳೂ ಒಂದೇ ಒತ್ತಡದಲ್ಲಿ ಪಂಜರ ಸೇರದಿರುವುದರಿಂದ. ಸೊನ್ನೆ ಡಿಗ್ರಿಯಲ್ಲಿ ಇಂಗಾಲದ ಡೈಆಕ್ಸೈಡಿಗೆ ವಾತಾವರಣದ 12 ಪಟ್ಟು ಒತ್ತಡ ಸಾಕು. ಮೀಥೇನಿಗೆ ಸುಮಾರು 26 ಪಟ್ಟು ಬೇಕು. ಸಾರಜನಕಕ್ಕೆ 160 ಪಟ್ಟು. ಜಲಜನಕದ ಅಣು ಎಷ್ಟು ಪುಟ್ಟದೆಂದರೆ, ಅದನ್ನೊಂದನ್ನೇ ಪಂಜರದಲ್ಲಿ ನಿಲ್ಲಿಸಲು ಸಾವಿರಾರು ಪಟ್ಟು ಒತ್ತಡ ಹೇರಬೇಕು. ಆದ್ದರಿಂದ ಇಂಗಾಲದ ಡೈಆಕ್ಸೈಡೂ ಸಾರಜನಕವೂ ಬೆರೆತ ಹೊಗೆಯನ್ನು ತಣ್ಣನೆಯ ನೀರಿನೊಂದಿಗೆ ಒತ್ತಡದಲ್ಲಿಟ್ಟರೆ ಮೊದಲನೆಯದು ಹೆಚ್ಚಾಗಿ ಹರಳಿಗೆ ಸೇರುತ್ತದೆ, ಎರಡನೆಯದು ಹೆಚ್ಚಾಗಿ ಹೊರಗುಳಿಯುತ್ತದೆ. ಹರಳನ್ನು ಬೇರೆ ಪಾತ್ರೆಗೆ ಸಾಗಿಸಿ ಕರಗಿಸಿದರೆ ಮೊದಲಿಗಿಂತ ಶುದ್ಧವಾದ ಇಂಗಾಲದ ಡೈಆಕ್ಸೈಡ್ ಸಿಗುತ್ತದೆ.

ಇದು ಜರಡಿ ಹಿಡಿದಷ್ಟು ಖಚಿತವಲ್ಲ, ತೂರಿ ಕಾಳು ಬೇರ್ಪಡಿಸಿದ ಹಾಗೆ. ಒಮ್ಮೆ ತೂರಿದರೆ ಹೊಟ್ಟು ಪೂರ್ತಿ ಹೋಗುವುದಿಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪೀಟರ್ ಎಂಗ್ಲೆಜೋಸ್ ಅವರ ತಂಡ ನೂರಕ್ಕೆ 17 ಪಾಲು ಇಂಗಾಲದ ಡೈಆಕ್ಸೈಡ್ ಇದ್ದ ಮಿಶ್ರಣದಲ್ಲಿ ಇದನ್ನು ಅಳೆದಿತ್ತು. ಮೊದಲ ಸುತ್ತಿನ ಹರಳಿನಲ್ಲಿ ಅದರ ಪಾಲು ಅರ್ಧಕ್ಕಿಂತ ತುಸು ಹೆಚ್ಚಾಯಿತು, ಎರಡನೆಯ ಸುತ್ತಿಗೆ 80 ದಾಟಿತು, ಮೂರನೆಯದಕ್ಕೆ 98ರ ಆಸುಪಾಸಿಗೆ ಬಂತು. ಶುದ್ಧತೆ ಹೀಗೆ ಏರುತ್ತದೆ. ಆದರೆ ಪ್ರತಿ ಸುತ್ತಿನಲ್ಲೂ ಒಂದು ಪಾಲು ಅನಿಲ ಕೈತಪ್ಪಿ ಉಳಿದ ಹೊಗೆಯೊಂದಿಗೇ ಹೋಗುತ್ತದೆ.

ಇನ್ನು ಬೆಲೆಯ ಮಾತು. ರಾಯಚೂರಿನ ಶಕ್ತಿನಗರದಂಥ ಕಲ್ಲಿದ್ದಲ ವಿದ್ಯುತ್ ಸ್ಥಾವರದ ಚಿಮಣಿಯಿಂದ ಹೊರಡುವ ಅನಿಲದಲ್ಲಿ ಇಂಗಾಲದ ಡೈಆಕ್ಸೈಡ್ ನೂರಕ್ಕೆ 12ರಿಂದ 15 ಪಾಲು. ಉಳಿದದ್ದು ಬಹುಮಟ್ಟಿಗೆ ಸಾರಜನಕ. ಒತ್ತಡವೋ, ಹೊರಗಿನ ಗಾಳಿಯಷ್ಟೇ. ಪಂಜರಕ್ಕೆ ಅನಿಲವನ್ನು ತಳ್ಳುವುದು ಮಿಶ್ರಣದ ಒಟ್ಟು ಒತ್ತಡವಲ್ಲ, ಅದರಲ್ಲಿ ಇಂಗಾಲದ ಡೈಆಕ್ಸೈಡಿನ ಪಾಲಿನದು ಮಾತ್ರ. ಹಾಗಾಗಿ ಇಂಥ ಮಿಶ್ರಣ ಸೊನ್ನೆ ಡಿಗ್ರಿಯ ಹತ್ತಿರ ಹರಳುಗಟ್ಟಲು ಒಟ್ಟು ಒತ್ತಡ 75 ಪಟ್ಟು ದಾಟಬೇಕು. ಬೇಕಾದ ಒಂದು ಅಣುವಿಗಾಗಿ ಬೇಡವಾದ ಆರು ಅಣುಗಳನ್ನೂ ಅದುಮಬೇಕು.

ಇದರ ಲೆಕ್ಕ ಹಾಕುವುದು ಕಷ್ಟವಲ್ಲ. ಕಲ್ಲಿದ್ದಲ ಸ್ಥಾವರ ಒಂದು ಯೂನಿಟ್ ವಿದ್ಯುತ್ತಿಗೆ ಹೆಚ್ಚುಕಡಿಮೆ ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಅಂದರೆ 1000 ಯೂನಿಟ್ಟಿಗೆ ಒಂದು ಟನ್. ಆ ಒಂದು ಟನ್ ಇರುವ ಹೊಗೆಯನ್ನೆಲ್ಲ 75 ಪಟ್ಟು ಒತ್ತಡಕ್ಕೆ ಏರಿಸಲು, ಎಲ್ಲೂ ನಷ್ಟವೇ ಇಲ್ಲದ ಆದರ್ಶ ಯಂತ್ರಕ್ಕೂ ಸುಮಾರು 450 ಯೂನಿಟ್ ಬೇಕು. ಉಳಿದ ಸಾರಜನಕವನ್ನು ಟರ್ಬೈನಿನ ಮೂಲಕ ಹಿಗ್ಗಿಸಿ ಒಂದಿಷ್ಟನ್ನು ಮರಳಿ ಪಡೆಯಬಹುದಾದರೂ, ಉತ್ಪಾದನೆಯ ಅರ್ಧಕ್ಕೆ ಹತ್ತಿರದ ವಿದ್ಯುತ್ತನ್ನು ಹೊಗೆ ಅದುಮಲು ಮೀಸಲಿಡುವ ಸ್ಥಾವರವನ್ನು ಯಾರೂ ಕಟ್ಟುವುದಿಲ್ಲ. ನೀರಿನ ಪಂಜರ ಪುಕ್ಕಟೆ, ಅದರ ಬಾಗಿಲಿಗೆ ತೆರುವ ಸುಂಕ ದುಬಾರಿ. ಹೈಡ್ರೇಟಿನ ಮೂಲಕ ಇಂಗಾಲ ಹಿಡಿಯುವ ಸಂಶೋಧನೆಯೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಈ ಸುಂಕವನ್ನು ಇಳಿಸುವ ಪ್ರಯತ್ನವೇ.

ಮೊದಲ ಉಪಾಯ, ನೀರಿಗೆ ಮತ್ತೊಂದು ಪದಾರ್ಥ ಬೆರೆಸುವುದು. ಟೆಟ್ರಾಹೈಡ್ರೋಫ್ಯುರಾನ್ ಎಂಬ ದ್ರಾವಕ ಯಾವ ಒತ್ತಡವೂ ಇಲ್ಲದೆ 4 ಡಿಗ್ರಿಯ ಆಸುಪಾಸಿನಲ್ಲೇ ನೀರಿನೊಂದಿಗೆ ಹೈಡ್ರೇಟು ಆಗುತ್ತದೆ. ಅದು ದೊಡ್ಡ ಪಂಜರಗಳಲ್ಲಿ ಕೂತು ಇಡೀ ಕಟ್ಟಡಕ್ಕೆ ಆಸರೆ ಕೊಡುತ್ತದೆ, ಖಾಲಿ ಉಳಿದ ಸಣ್ಣ ಪಂಜರಗಳಿಗೆ ಅನಿಲ ಕಡಿಮೆ ಒತ್ತಡದಲ್ಲೇ ನುಗ್ಗುತ್ತದೆ. ನೂರು ಅಣುಗಳಲ್ಲಿ ಒಂದರಷ್ಟು ಬೆರೆಸಿದರೂ ಸಾಕು, 75 ಪಟ್ಟು ಬೇಕಿದ್ದ ಕಡೆ ಹತ್ತು ಪಟ್ಟಿಗಿಂತ ಕಡಿಮೆ ಒತ್ತಡದಲ್ಲೇ ಹರಳು ಹುಟ್ಟುತ್ತದೆ. ಹತ್ತು ಪಟ್ಟು ಒತ್ತಡಕ್ಕೆ ಮೇಲಿನ ಲೆಕ್ಕದ 450 ಯೂನಿಟ್ ಸುಮಾರು 240ಕ್ಕೆ ಇಳಿಯುತ್ತದೆ. ಇಳಿತ ದೊಡ್ಡದೇ, ಆದರೆ ಪುಕ್ಕಟೆಯಲ್ಲ. ದೊಡ್ಡ ಕೋಣೆಗಳನ್ನೆಲ್ಲ ದ್ರಾವಕವೇ ಹಿಡಿದುಕೊಳ್ಳುವುದರಿಂದ ಅಷ್ಟೇ ನೀರಿಗೆ ಸಿಗುವ ಅನಿಲ ತೀರ ಕಡಿಮೆಯಾಗುತ್ತದೆ. ಜೊತೆಗೆ ಅದು ಬೇಗ ಆವಿಯಾಗುವ ದ್ರವ; ಹೊರಹೋಗುವ ಅನಿಲದೊಂದಿಗೆ ತಾನೂ ಹೊರಟುಬಿಡುತ್ತದೆ.

ಆವಿಯಾಗುವ ಈ ತಾಪತ್ರಯ ಟೆಟ್ರಾಬ್ಯೂಟೈಲ್ ಅಮೋನಿಯಂ ಬ್ರೋಮೈಡ್ ಎಂಬ ಲವಣಕ್ಕಿಲ್ಲ. ಅದು ಪಂಜರದೊಳಗೆ ಕೂರುವ ಬದಲು ಪಂಜರದ ಗೋಡೆಯ ಭಾಗವೇ ಆಗುತ್ತದೆ, ಹತ್ತು ಡಿಗ್ರಿಗೂ ಮೇಲೆ ಗಟ್ಟಿಯಾಗಿ ಉಳಿಯುತ್ತದೆ. ಜಪಾನಿನಲ್ಲಿ ಈ ಲವಣದ ಹೈಡ್ರೇಟಿನ ಹಿಟ್ಟಿನಂಥ ಮಿಶ್ರಣವನ್ನು ಕಟ್ಟಡಗಳ ಹವಾನಿಯಂತ್ರಣಕ್ಕೆ ತಂಪು ಕೂಡಿಡಲು ಬಳಸಿದ್ದಾರೆ. ಇಂಗಾಲ ಹಿಡಿಯಲು ಹೊರಟ ಒಂದು ವಿದ್ಯೆಯ ಸೋದರ, ಕೊಠಡಿ ತಣ್ಣಗಿಡುವ ಕೆಲಸದಲ್ಲಿ ಮೊದಲು ಸಂಬಳ ಪಡೆದದ್ದು ವಿಜ್ಞಾನದಲ್ಲಿ ಅಪರೂಪದ ಸಂಗತಿಯೇನಲ್ಲ.

ಒತ್ತಡದ ಜೊತೆಗಿನ ಇನ್ನೊಂದು ತೊಡಕು ವೇಗ. ನೀರೂ ಅನಿಲವೂ ಸಂಧಿಸುವ ಮೇಲ್ಮೈಯಲ್ಲೇ ಹೈಡ್ರೇಟು ಹುಟ್ಟುವುದು. ಹುಟ್ಟಿದ ಕೂಡಲೇ ಅದು ಕಾಯಿಸಿದ ಹಾಲಿನ ಕೆನೆಯಂತೆ ಪದರಗಟ್ಟಿ, ಕೆಳಗಿನ ನೀರನ್ನು ಮೇಲಿನ ಅನಿಲದಿಂದ ಮರೆಮಾಡುತ್ತದೆ. ಕೆನೆ ಒಡೆಯಲು ಕಲಕುತ್ತಲೇ ಇರಬೇಕು. ಹರಳು ಹೆಚ್ಚಿದಂತೆ ಮಿಶ್ರಣ ಮಂದವಾಗಿ ಕಲಕಲು ಇನ್ನಷ್ಟು ಶಕ್ತಿ ಬೇಕಾಗುತ್ತದೆ. ಇದಕ್ಕೆ ಬದಲಾಗಿ ಮರಳಿನ ಅಥವಾ ಸಿಲಿಕಾ ಕಣಗಳ ಹಾಸನ್ನು ನೀರಿನಿಂದ ನೆನೆಸಿ ಅದರ ಸಂದುಗಳಲ್ಲಿ ಅನಿಲ ಹರಿಸುತ್ತಾರೆ. ಅಲ್ಲಿ ನೀರು ತೆಳುಪದರವಾಗಿ ಹರಡಿರುವುದರಿಂದ ಕಲಕುವ ಅಗತ್ಯವೇ ಬೀಳುವುದಿಲ್ಲ. ಶಾಂಪೂಗಳಲ್ಲಿ ನೊರೆಗಾಗಿ ಬಳಸುವ ಸೋಡಿಯಂ ಡೋಡೆಸೈಲ್ ಸಲ್ಫೇಟನ್ನು ಚಿಟಿಕೆಯಷ್ಟು ಹಾಕಿದರೆ ಮೀಥೇನಿನ ಹೈಡ್ರೇಟು ಬಹು ಬೇಗ ಬೆಳೆಯುತ್ತದೆ, ಇಂಗಾಲದ ಡೈಆಕ್ಸೈಡಿನಲ್ಲಿ ಮಾತ್ರ ಅಷ್ಟು ಫಲ ಕಾಣುವುದಿಲ್ಲ.

ಶಾಖದ ಲೆಕ್ಕವನ್ನೂ ಬಿಡುವಂತಿಲ್ಲ. ಹರಳುಗಟ್ಟುವಾಗ ಶಾಖ ಹೊರಬೀಳುತ್ತದೆ: ಒಂದು ಟನ್ ಇಂಗಾಲದ ಡೈಆಕ್ಸೈಡಿಗೆ ಸುಮಾರು 1.4 ಗಿಗಾಜೂಲ್. ಆ ಶಾಖವನ್ನು ಶೈತ್ಯಯಂತ್ರ ತೆಗೆಯದಿದ್ದರೆ ಬೆಳವಣಿಗೆ ಅಲ್ಲೇ ನಿಲ್ಲುತ್ತದೆ. ನಾಲ್ಕೈದು ಪಾಲು ಶಾಖ ಸಾಗಿಸಲು ಒಂದು ಪಾಲು ವಿದ್ಯುತ್ತು ಎಂದು ಹಿಡಿದರೆ ಟನ್ನಿಗೆ 80–90 ಯೂನಿಟ್ ಆಗುತ್ತದೆ. ಒಂದು ಟನ್ ಅನಿಲಕ್ಕೆ ಎರಡೂವರೆ ಟನ್ನಿನಷ್ಟು ನೀರೂ ಸುತ್ತುತ್ತಿರಬೇಕು. ಕರಗಿಸುವ ಹಂತದಲ್ಲಿ ಅಷ್ಟೇ ಶಾಖ ಮರಳಿ ಕೊಡಬೇಕಾದರೂ, ಅದಕ್ಕೆ ಉಗಿ ಬೇಕಿಲ್ಲ, ಸಾಮಾನ್ಯ ಉಷ್ಣತೆಯ ನೀರು ಸಾಕು. ಇಂದು ಬಳಕೆಯಲ್ಲಿರುವ ಅಮೀನ್ ವಿಧಾನಕ್ಕೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇಲ್ಲೇ. ಕೆನಡಾದ ಬೌಂಡರಿ ಡ್ಯಾಮ್ ಸ್ಥಾವರ 2014ರಿಂದ ಬಳಸುತ್ತಿರುವಂಥ ಅಮೀನ್ ದ್ರಾವಣ ಹೊಗೆಯಿಂದ ಇಂಗಾಲದ ಡೈಆಕ್ಸೈಡನ್ನು ಒತ್ತಡವೇ ಇಲ್ಲದೆ ಹೀರುತ್ತದೆ. ಹೀರಿದ್ದನ್ನು ಬಿಡಿಸಲು ಮಾತ್ರ 120 ಡಿಗ್ರಿಯ ಹತ್ತಿರಕ್ಕೆ ಕಾಯಿಸಬೇಕು. ಟನ್ನಿಗೆ ಮೂರರಿಂದ ನಾಲ್ಕು ಗಿಗಾಜೂಲ್ ಶಾಖ. ಅಂಕಿ ದೊಡ್ಡದಾಗಿ ಕಂಡರೂ ಅದು ಟರ್ಬೈನಿನಲ್ಲಿ ಆಗಲೇ ದುಡಿದು ಬಂದ ಕೆಳದರ್ಜೆಯ ಉಗಿಯ ಶಾಖ. ಅದರಿಂದ ಇನ್ನೂ ಪಡೆಯಬಹುದಾಗಿದ್ದ ವಿದ್ಯುತ್ತು ಅದರ ಒಂದು ಸಣ್ಣ ಪಾಲಷ್ಟೇ. ಚಿಮಣಿಯ ಹೊಗೆಯ ಮಟ್ಟಿಗೆ ಹೈಡ್ರೇಟು ಅಮೀನನ್ನು ಸೋಲಿಸಿಲ್ಲ.

ಒತ್ತಡ ಮೊದಲೇ ಇರುವ ಕಡೆ ಕಥೆ ಬೇರೆ. ಕಲ್ಲಿದ್ದಲನ್ನು ಸುಡುವ ಬದಲು ಆಮ್ಲಜನಕ ಮತ್ತು ಉಗಿಯೊಂದಿಗೆ ಅನಿಲವಾಗಿಸುವ ಸ್ಥಾವರಗಳಲ್ಲಿ ಕೊನೆಗೆ ಉಳಿಯುವುದು ಸುಮಾರು 40 ಪಾಲು ಇಂಗಾಲದ ಡೈಆಕ್ಸೈಡ್, 60 ಪಾಲು ಜಲಜನಕ. ಅದು ಬರುವಾಗಲೇ ವಾತಾವರಣದ ಹತ್ತಾರು ಪಟ್ಟು ಒತ್ತಡದಲ್ಲಿರುತ್ತದೆ. ಇಂಥ ಮಿಶ್ರಣ ಸೊನ್ನೆ ಡಿಗ್ರಿಯ ಬಳಿ ಹರಳುಗಟ್ಟಲು 50 ಪಟ್ಟು ಸಾಕು, ಅಂದರೆ ಸುಂಕದ ಬಹುಭಾಗ ಮೊದಲೇ ಕಟ್ಟಿಯಾಗಿದೆ. ಜಲಜನಕ ಈ ಒತ್ತಡದಲ್ಲಿ ಪಂಜರದ ತಂಟೆಗೆ ಬಹಳ ಬರುವುದಿಲ್ಲವಾಗಿ ಬೇರ್ಪಡಿಕೆಯೂ ಚೊಕ್ಕ. ಒಂದೇ ಸುತ್ತಿನಲ್ಲಿ ಹರಳಿನೊಳಗಿನ ಇಂಗಾಲದ ಡೈಆಕ್ಸೈಡ್ 80 ಪಾಲು ದಾಟುತ್ತದೆ. ಹರಳನ್ನು ಮುಚ್ಚಿದ ಪಾತ್ರೆಯಲ್ಲಿ 10 ಡಿಗ್ರಿಯವರೆಗೆ ಬೆಚ್ಚಗಾಗಲು ಬಿಟ್ಟರೆ ಅನಿಲ 45 ಪಟ್ಟು ಒತ್ತಡದಲ್ಲೇ ಹೊರಬರುತ್ತದೆ. ಫ್ಯಾರಡೆಯ ಕೊಳವೆ ಮಾಡಿದ್ದೂ ಅದನ್ನೇ. ಅಮೆರಿಕದ ಇಂಧನ ಇಲಾಖೆಯ ನೆರವಿನಲ್ಲಿ ಲಾಸ್ ಅಲಮೋಸ್ ರಾಷ್ಟ್ರೀಯ ಪ್ರಯೋಗಾಲಯ ಮತ್ತು ಸಿಮ್‌ಟೆಕ್ ಎಂಬ ಸಂಸ್ಥೆ ಇದೇ ದಾರಿಯಲ್ಲಿ, ಹರಿಯುವ ಕೊಳವೆಯೊಳಗೇ ಹೈಡ್ರೇಟು ಮಾಡುವ ಪ್ರಯೋಗ ನಡೆಸಿದ್ದವು. ಆದರೆ ಅನಿಲೀಕರಣದ ಸ್ಥಾವರಗಳೇ ದುಬಾರಿಯಾಗಿ ಜಗತ್ತಿನಲ್ಲಿ ಬೆರಳೆಣಿಕೆಯಷ್ಟು ಮಾತ್ರ ಎದ್ದವು. ಬಾವಿಯಿಂದ ಒತ್ತಡದಲ್ಲೇ ಬರುವ ನೈಸರ್ಗಿಕ ಅನಿಲದಿಂದ ಇಂಗಾಲದ ಡೈಆಕ್ಸೈಡನ್ನು ತೆಗೆಯುವ ಯೋಚನೆಯೂ ಇದೆ. ಅಲ್ಲಿನ ತೊಂದರೆ, ಮೀಥೇನೂ ಪಂಜರ ಪ್ರಿಯವೇ. 12 ಮತ್ತು 26ರ ನಡುವಿನ ಅಂತರ 12 ಮತ್ತು 160ರ ನಡುವಿನಷ್ಟು ಧಾರಾಳವಲ್ಲ.

ಒತ್ತಡವೂ ತಂಪೂ ಎರಡೂ ಪುಕ್ಕಟೆಯಾಗಿ ಸಿಗುವ ಒಂದು ಜಾಗ ಉಂಟು, ಸಮುದ್ರದ ತಳ. ಪ್ರತಿ ಹತ್ತು ಮೀಟರ್ ಆಳಕ್ಕೆ ಒಂದು ವಾತಾವರಣದಷ್ಟು ಒತ್ತಡ ಏರುತ್ತದೆ. ಹಿಡಿಯುವ ಕೆಲಸಕ್ಕಿಂತ ಹಿಡಿದದ್ದನ್ನು ಕೂಡಿಡುವ ಕೆಲಸಕ್ಕೆ ಹೈಡ್ರೇಟು ಹೆಚ್ಚು ಒಗ್ಗುತ್ತದೆ ಎಂಬ ಅಭಿಪ್ರಾಯ ಬಲವಾದದ್ದು ಹೀಗೆ. 1998ರಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆ ಬೇ ಸಂಶೋಧನಾ ಸಂಸ್ಥೆಯ ಪೀಟರ್ ಬ್ರೂವರ್ ಮತ್ತು ಸಂಗಡಿಗರು ದೂರನಿಯಂತ್ರಿತ ಜಲವಾಹನದಿಂದ 3627 ಮೀಟರ್ ಆಳದಲ್ಲಿ ಬೀಕರೊಂದಕ್ಕೆ ದ್ರವ ಇಂಗಾಲದ ಡೈಆಕ್ಸೈಡ್ ಸುರಿದರು. ಅಷ್ಟು ಆಳದಲ್ಲಿ ಅದು ಸಮುದ್ರದ ನೀರಿಗಿಂತ ಭಾರ, ಬೀಕರಿನಲ್ಲೇ ನಿಂತಿತು. ಕೆಲವೇ ಗಂಟೆಗಳಲ್ಲಿ ಹೈಡ್ರೇಟು ಕಟ್ಟುತ್ತ ದ್ರವ ಉಬ್ಬಿ ಉಕ್ಕಿ, ದೊಡ್ಡ ಹನಿಗಳು ಹೊರಚೆಲ್ಲಿ ಸಮುದ್ರತಳದಲ್ಲಿ ಪುಟಿಯುತ್ತ ಹೋದವು. ಒಲೆಯ ಮೇಲಿನ ಹಾಲು ಉಕ್ಕುವ ಹಾಗೆ, ಆದರೆ ಎರಡು ಡಿಗ್ರಿಯ ಚಳಿಯಲ್ಲಿ.

ಈ ದೃಶ್ಯ ಎಷ್ಟೇ ಸೊಗಸಾಗಿದ್ದರೂ ಸಮುದ್ರತಳದಲ್ಲಿ ತೆರೆದಿಟ್ಟ ಹೈಡ್ರೇಟು ಶಾಶ್ವತವಲ್ಲ. ಒತ್ತಡ, ಉಷ್ಣತೆ ಎರಡೂ ಅನುಕೂಲವಾಗಿದ್ದರೂ ಸುತ್ತಲಿನ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆ ಇರುವುದರಿಂದ, ಸಕ್ಕರೆಯ ಗಡ್ಡೆ ನೀರಿನಲ್ಲಿ ಕರಗುವಂತೆ ಅದು ನಿಧಾನವಾಗಿ ಕರಗಿ ಆಸುಪಾಸಿನ ನೀರನ್ನು ಆಮ್ಲವಾಗಿಸುತ್ತದೆ. ಹವಾಯಿ ಮತ್ತು ನಾರ್ವೆಯ ಕಡಲಲ್ಲಿ ಯೋಜಿಸಿದ್ದ ಪ್ರಯೋಗಗಳು ಜನರ ವಿರೋಧದಿಂದ 2002ರ ಹೊತ್ತಿಗೆ ನಿಂತುಹೋದವು. ಸಮುದ್ರಕ್ಕೆ ತ್ಯಾಜ್ಯ ಸುರಿಯುವುದನ್ನು ತಡೆಯುವ ಲಂಡನ್ ಒಡಂಬಡಿಕೆಗೆ 2006ರಲ್ಲಿ ತಂದ ತಿದ್ದುಪಡಿ ಸಮುದ್ರತಳದ ಕೆಳಗಿನ ಪದರಗಳಲ್ಲಿ ಇಂಗಾಲದ ಡೈಆಕ್ಸೈಡ್ ಇಡಲು ಒಪ್ಪಿತು, ನೀರಿನಲ್ಲಿ ಬಿಡಲು ಒಪ್ಪಲಿಲ್ಲ.

ಹೀಗಾಗಿ ಗಮನವೆಲ್ಲ ತಳದ ಕೆಸರು ಮರಳಿನ ಒಳಗೆ ಹೋಯಿತು. 2006ರಲ್ಲಿ ಹಾರ್ವರ್ಡಿನ ಕರ್ಟ್ ಹೌಸ್, ಡೇನಿಯಲ್ ಶ್ರಾಗ್ ಮುಂತಾದವರು ಮಂಡಿಸಿದ ವಾದ ಸರಳ: ಸುಮಾರು 3000 ಮೀಟರಿಗಿಂತ ಆಳದ ನೀರಿನ ಕೆಳಗೆ, ತಳದಿಂದ ಇನ್ನೂ ನೂರಾರು ಮೀಟರ್ ಒಳಗೆ ದ್ರವ ಇಂಗಾಲದ ಡೈಆಕ್ಸೈಡ್ ಸೇರಿಸಿದರೆ ಅದು ಮೇಲಿನ ಕೆಸರಿನ ಸಂದುಗಳಲ್ಲಿರುವ ನೀರಿಗಿಂತ ಭಾರವಾದ್ದರಿಂದ ಏಳುವುದಿಲ್ಲ. ಎಲ್ಲಾದರೂ ಎದ್ದರೂ ಮೇಲಿನ ತಣ್ಣನೆಯ ಪದರದಲ್ಲಿ ಹೈಡ್ರೇಟಾಗಿ ಸಂದುಗಳನ್ನು ಮುಚ್ಚುತ್ತದೆ. ಸೋರಿಕೆಯೇ ಸೋರಿಕೆಗೆ ಬಿರಡೆಯಾಗುವ ಏರ್ಪಾಟು. ಅದೇ ಬಿರಡೆ ದ್ರವ ತಳ್ಳುವ ಬಾವಿಯ ಬಾಯಲ್ಲೇ ಕಟ್ಟಿಕೊಂಡರೆ ಕೆಲಸವೂ ಅಲ್ಲಿಗೇ ನಿಲ್ಲುತ್ತದೆಂಬುದು ಎಂಜಿನಿಯರುಗಳ ತಲೆನೋವು.

ಇನ್ನೂ ಒಂದು ಹೆಜ್ಜೆ ಮುಂದಿನ ಯೋಚನೆ, ನಿಸರ್ಗದಲ್ಲಿ ಈಗಾಗಲೇ ಇರುವ ಮೀಥೇನಿನ ಹೈಡ್ರೇಟಿಗೆ ಇಂಗಾಲದ ಡೈಆಕ್ಸೈಡ್ ತುಂಬಿ ಮೀಥೇನನ್ನು ಹೊರಹಾಕಿಸುವುದು. 10 ಡಿಗ್ರಿಗಿಂತ ಕೆಳಗೆ ಇಂಗಾಲದ ಡೈಆಕ್ಸೈಡಿನ ಪಂಜರವೇ ಹೆಚ್ಚು ಗಟ್ಟಿ. ಅದು ಕಟ್ಟುವಾಗ ಬಿಡುವ ಶಾಖ ಮೀಥೇನಿನ ಪಂಜರ ಒಡೆಯಲು ಬೇಕಾದದ್ದಕ್ಕಿಂತ ತುಸು ಹೆಚ್ಚೇ. ಬಾಡಿಗೆದಾರ ಬದಲಾಗುತ್ತಾನೆ, ಮನೆ ಹಾಗೆಯೇ ನಿಲ್ಲುತ್ತದೆ. ಆದರೆ ಇಂಗಾಲದ ಡೈಆಕ್ಸೈಡ್ ದೊಡ್ಡ ಕೋಣೆಗಳನ್ನು ಬಯಸುವುದರಿಂದ ಸಣ್ಣ ಕೋಣೆಯ ಮೀಥೇನ್ ಕದಲುವುದಿಲ್ಲ. ಅದನ್ನು ಹೊರಡಿಸಲು ಸಾರಜನಕವನ್ನೂ ಬೆರೆಸಬೇಕು ಎಂದು 2006ರಲ್ಲಿ ಕೊರಿಯಾದ ಸಂಶೋಧಕರು ತೋರಿಸಿದರು. ಅಲಾಸ್ಕಾದ ಉತ್ತರ ಇಳಿಜಾರಿನಲ್ಲಿ, ಪ್ರೂಡೋ ಬೇ ಪ್ರದೇಶದ ಇಗ್ನಿಕ್ ಸಿಕುಮಿ ಬಾವಿಯಲ್ಲಿ 2012ರಲ್ಲಿ ಇದು ನೆಲದೊಳಗೆ ಪರೀಕ್ಷೆಗೊಳಗಾಯಿತು. ಬಾವಿಯ ಹೆಸರಿಗೆ ಅಲ್ಲಿನ ಇನ್ಯುಪಿಯಾಕ್ ಭಾಷೆಯಲ್ಲಿ ಹಿಮದೊಳಗಿನ ಬೆಂಕಿ ಎಂದರ್ಥ. ಕೊನೊಕೊಫಿಲಿಪ್ಸ್ ಕಂಪನಿ, ಜಪಾನಿನ ಜೋಗ್‌ಮೆಕ್ ಸಂಸ್ಥೆ ಮತ್ತು ಅಮೆರಿಕದ ಇಂಧನ ಇಲಾಖೆ ಸೇರಿ 23 ಪಾಲು ಇಂಗಾಲದ ಡೈಆಕ್ಸೈಡ್, 77 ಪಾಲು ಸಾರಜನಕದ ಸುಮಾರು 6000 ಘನ ಮೀಟರ್ ಮಿಶ್ರಣವನ್ನು ಒಳಗೆ ತಳ್ಳಿದವು. ಬಳಿಕ ಸುಮಾರು ಒಂದು ತಿಂಗಳ ಉತ್ಪಾದನೆಯಲ್ಲಿ ಮೀಥೇನ್ ಹೊರಬಂತು. ಸಾರಜನಕದ ಬಹುಪಾಲು ಮರಳಿ ಬಂದರೆ, ಇಂಗಾಲದ ಡೈಆಕ್ಸೈಡಿನ ಅರ್ಧಕ್ಕಿಂತ ಹೆಚ್ಚು ಒಳಗೇ ಉಳಿಯಿತು. ಮೀಥೇನಿನಲ್ಲಿ ಎಷ್ಟು ಪಾಲು ವಿನಿಮಯದಿಂದ ಬಂದದ್ದು, ಎಷ್ಟು ಬರಿಯ ಒತ್ತಡ ಇಳಿಸಿದ್ದರಿಂದ ಬಂದದ್ದು ಎಂದು ಬಿಡಿಸಿ ಹೇಳುವುದು ಸುಲಭವಾಗಲಿಲ್ಲ.

ಭಾರತಕ್ಕೆ ಈ ವಿಷಯ ದೂರದ್ದಲ್ಲ. 2006ರಲ್ಲಿ ಜಾಯ್ಡಿಸ್ ರೆಸಲ್ಯೂಷನ್ ಹಡಗು ಕೃಷ್ಣಾ–ಗೋದಾವರಿ ಜಲಾನಯನದ ಕಡಲಿನಲ್ಲಿ, ಸುಮಾರು 1000 ಮೀಟರ್ ನೀರಿನ ಕೆಳಗೆ ಕೊರೆದಾಗ ಹೆಚ್ಚುಕಡಿಮೆ 130 ಮೀಟರ್ ದಪ್ಪದ ಹೈಡ್ರೇಟು ಪದರ ಸಿಕ್ಕಿತು. ಆದರೆ ಅದು ಇದ್ದದ್ದು ಜೇಡಿಯ ಬಿರುಕುಗಳಲ್ಲಿ. ಜೇಡಿಯೊಳಗೆ ದ್ರವ ಸುಲಭವಾಗಿ ಹರಿಯುವುದಿಲ್ಲ, ಅನಿಲ ತೆಗೆಯುವುದೂ ಕಷ್ಟ, ತುಂಬುವುದೂ ಕಷ್ಟ. 2015ರಲ್ಲಿ ಜಪಾನಿನ ಚಿಕ್ಯು ಹಡಗಿನ ಕೊರೆತದಲ್ಲಿ ಅದೇ ಜಲಾನಯನದಲ್ಲಿ ದಪ್ಪ ಮರಳಿನ ಪದರಗಳೊಳಗಿನ ಹೈಡ್ರೇಟೂ ಸಿಕ್ಕಿದ ಮೇಲೆ ಆಸೆ ಮತ್ತೆ ಚಿಗುರಿತು. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ ಮತ್ತು ಮದ್ರಾಸ್ ಐಐಟಿಗಳಲ್ಲಿ ಹೈಡ್ರೇಟು ಬೇಗ ಕಟ್ಟಿಸುವ ಪದಾರ್ಥಗಳ ಮೇಲೂ, ಸಮುದ್ರತಳದ ಮರಳು ಜೇಡಿಯಲ್ಲಿ ಅದು ಎಷ್ಟು ಕಾಲ ನಿಲ್ಲುತ್ತದೆ ಎಂಬುದರ ಮೇಲೂ ಕೆಲಸ ನಡೆದಿದೆ. ಬಂಗಾಳ ಕೊಲ್ಲಿಯ ಮೇಲ್ಮೈ ನೀರು ಬೆಚ್ಚಗಿದ್ದರೂ 1000 ಮೀಟರಿನ ಆಳದಲ್ಲಿ ಉಷ್ಣತೆ ಹತ್ತು ಡಿಗ್ರಿಗಿಂತ ಕೆಳಗಿದೆ, ಒತ್ತಡ ನೂರು ಪಟ್ಟು. ಇಂಗಾಲದ ಡೈಆಕ್ಸೈಡಿನ ಪಂಜರಕ್ಕೆ ಅಷ್ಟು ಧಾರಾಳವಾಗಿ ಸಾಕು. ಚಿಮಣಿಯಿಂದ ಅಲ್ಲಿಯವರೆಗೆ ಅನಿಲವನ್ನು ಒಯ್ಯಬೇಕಾದರೆ ಅದನ್ನು ಹೊಗೆಯಿಂದ ಬೇರ್ಪಡಿಸುವ ಕೆಲಸ ದಡದ ಮೇಲೆಯೇ ಮುಗಿದಿರಬೇಕು, ಆ ಕೆಲಸಕ್ಕೆ ಸದ್ಯಕ್ಕೆ ಸಿಗುವುದು ಅಮೀನ್ ದ್ರಾವಣವೇ.